ಕಲ್ಲುಬೆಟ್ಟಕ್ಕೆ ನೀರು ಬಂದ ವಾರ

ಸೂರ್ಯೋದಯ ನೋಡಲು ನಂದಿಬೆಟ್ಟ ಹತ್ತುವವರಿಗೆ ಲೆಕ್ಕವಿಲ್ಲ. ಅದೇ ಸಾಲಿನ ಕಣಿವೆಗಳಿಗೆ ಕಾಲಿಡುವವರು ಬೆರಳೆಣಿಕೆ. ನದಿಯೇ ಇಲ್ಲದ ಜಿಲ್ಲೆ ಎನಿಸಿಕೊಂಡ ಚಿಕ್ಕಬಳ್ಳಾಪುರದಲ್ಲಿ ಮಳೆ ಬಿದ್ದ ಮರುವಾರ ಜಲಪಾತ ನೋಡಲು ಹೊರಟರೆ ಕಾಲಿಗೆ ತೊಡರುವುದು ಆರು ನದಿಗಳ ಕಥೆ!

"ನಮ್ಮ ಹುಳು ರಾತ್ರಿನೇ ಜ್ವರಕ್ಕೆ ಕೂತ್ಕೊಂಡ್ವು ಮೇಷ್ಟ್ರೇ. ಸಂಜೆವರೆಗೂ ಸೊಪ್ಪು ಕೇಳಲ್ಲ. ನಡೀರಿ, ಹೋಗೋಣ."

ಶಿಡ್ಲಘಟ್ಟದ ಬಸ್ ನಿಲ್ದಾಣದ ಹತ್ತಿರ ಟೀ ಕುಡಿಯುತ್ತ ರೈತರೊಬ್ಬರು ಆಡಿದ ಈ ಮಾತು ಹೊರಗಿನವರಿಗೆ ಗಾಬರಿ ಹುಟ್ಟಿಸಬಹುದು. ಇಲ್ಲಿಯವರಿಗೆ ಅದು ರಜೆಯ ಸುದ್ದಿ. ರೇಷ್ಮೆಹುಳು ಪೊರೆ ಕಳಚುವ ಮುನ್ನ ಮೇಯುವುದನ್ನು ಬಿಟ್ಟು ತಲೆ ಎತ್ತಿ ಸುಮ್ಮನೆ ಕೂರುತ್ತದೆ. ಅದೇ ಜ್ವರ. ಒಂದು ಬೆಳೆಗೆ ನಾಲ್ಕು ಜ್ವರ. ಆ ಒಂದು ದಿನ ಸೊಪ್ಪು ಕೊಯ್ಯುವುದೂ ಇಲ್ಲ, ಹಾಕುವುದೂ ಇಲ್ಲ. ನಾಲ್ಕನೇ ಜ್ವರ ಎದ್ದ ಮೇಲೆ ಮಾತ್ರ ಮನೆಮಂದಿ ಮದುವೆ ಮುಂಜಿಗೂ ಹೊರಡುವ ಹಾಗಿಲ್ಲ. ಹುಳು ತನ್ನ ಆಯುಷ್ಯದಲ್ಲಿ ತಿನ್ನುವ ಸೊಪ್ಪಿನ ನೂರಕ್ಕೆ ಎಂಬತ್ತು ಪಾಲನ್ನು ಮೇಯುವುದು ಆಗಲೇ.

ಹಾಗಾಗಿ ಈ ಊರಿನಲ್ಲಿ ಚಾರಣಕ್ಕೆ ಯಾರು ಬರುತ್ತಾರೆ, ಯಾರು ಬರುವುದಿಲ್ಲ ಎಂಬುದನ್ನು ತೀರ್ಮಾನಿಸುವುದು ಹುಳು. ಅಂದು ಜ್ವರದ ಕೃಪೆಯಿಂದ ಬಂದವರು ಇಬ್ಬರು ರೈತರು. ಜೊತೆಗೆ ನಿವೃತ್ತ ಮೇಷ್ಟ್ರು, ನೂಲು ಬಿಚ್ಚುವ ಘಟಕದ ಯಜಮಾನರೊಬ್ಬರು, ಆಸ್ಪತ್ರೆಯ ನರ್ಸ್ ಅಕ್ಕ, ಕಾಲೇಜು ಹುಡುಗಿಯರ ಗುಂಪು, ಮೊಬೈಲ್ ಅಂಗಡಿಯ ಹುಡುಗ. ಚೀಲದಲ್ಲಿ ಚಿತ್ರಾನ್ನ, ಬೇಯಿಸಿದ ಕಡಲೆಕಾಯಿ. ಗುರಿ: ಚಿಕ್ಕಬಳ್ಳಾಪುರ ತಾಲ್ಲೂಕಿನ ಕೇತೇನಹಳ್ಳಿ ಜಲಪಾತ.

ಹೊರಡಲು ಕಾರಣ ಮಳೆ. ಹಿಂದಿನ ವಾರ ಮೂರು ರಾತ್ರಿ ಬಿಡದೆ ಹೊಯ್ದಿತ್ತು. ರೇಷ್ಮೆಗೂಡು ಮಾರುಕಟ್ಟೆಗೆ ಬಂದವರೆಲ್ಲ ಗೂಡಿನ ದರ ಬಿಟ್ಟು ಯಾವ ಕೆರೆಗೆ ಎಷ್ಟು ನೀರು ಬಂತು ಎಂದು ಮಾತಾಡುತ್ತಿದ್ದರು. ರಾಮನಗರದ ನಂತರ ರಾಜ್ಯದಲ್ಲೇ ದೊಡ್ಡ ಹೆಸರಿನ ಈ ಮಾರುಕಟ್ಟೆಯಲ್ಲಿ ದರದ ಮಾತು ಹಿಂದಕ್ಕೆ ಸರಿಯಬೇಕಾದರೆ ಮಳೆ ಜೋರಾಗಿಯೇ ಬಿದ್ದಿರಬೇಕು.

ಇಲ್ಲೊಂದು ಮಾತು ಹೇಳಿಬಿಡಬೇಕು. ಜಲಪಾತ ಎಂದರೆ ನಮ್ಮ ಕಣ್ಣಿಗೆ ಕಟ್ಟುವುದು ಜೋಗ, ಹೆಬ್ಬೆ, ಅಬ್ಬಿ. ಜೂನ್-ಜುಲೈ ಬಂತೆಂದರೆ ಮಲೆನಾಡಿನ ಕಡೆಗೆ ಗಾಡಿ ತಿರುಗಿಸುತ್ತೇವೆ. ಅದೇ ಲೆಕ್ಕದಲ್ಲಿ ಜುಲೈನಲ್ಲಿ ಈ ಕಡೆ ಬಂದವರಿಗೆ ಸಿಗುವುದು ಒಣಬಂಡೆ, ಮೇಲೊಂದಿಷ್ಟು ಗಾಳಿ. ಪಶ್ಚಿಮಘಟ್ಟದ ಮಳೆನೆರಳಿನ ಈ ಸೀಮೆಗೆ ವರ್ಷಕ್ಕೆ ಸರಾಸರಿ 750 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ. ಅದರಲ್ಲಿ ದೊಡ್ಡ ಪಾಲು ಬೀಳುವುದು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ಇಲ್ಲಿನ ಜಲಪಾತದ ಕಾಲ ಗಣೇಶನ ಹಬ್ಬದಿಂದ ದೀಪಾವಳಿಯವರೆಗೆ, ಅದೂ ಮಳೆ ಮನಸ್ಸು ಮಾಡಿದರೆ.

ಗದ್ದಲ ಕೇಳಿಸುವ ಮೊದಲು

ಊರು ದಾಟಿದರೆ ಮುಸುಕಿನ ಜೋಳ, ತೆನೆ ಬಿಡುತ್ತಿದ್ದ ರಾಗಿ, ಚೆಂಡುಹೂವಿನ ತೋಟ. ಹೊಲ ಮುಗಿದಲ್ಲಿ ನೀಲಗಿರಿ ನೆಡುತೋಪು, ಅದರಾಚೆ ಕುರುಚಲು. ಬಂದರಿ, ತಂಗಡಿ, ಕಾರೆ ಮುಳ್ಳು, ನಡುನಡುವೆ ಕಾಯಿ ಬಿಟ್ಟ ಸೀತಾಫಲ. ಸೀತಾಫಲ ಕಂಡದ್ದೇ ತಡ, ಗುಂಪಿನ ಅರ್ಧ ಮಂದಿ ದಾರಿ ಬಿಟ್ಟರು. ಕಣ್ಣು ಬಿಟ್ಟ ಕಾಯಿಯನ್ನು ಮಾತ್ರ ಕೀಳಬೇಕು, ಉಳಿದದ್ದು ಮನೆಯಲ್ಲಿಟ್ಟರೂ ಹಣ್ಣಾಗದು ಎಂದು ನರ್ಸ್ ಅಕ್ಕ ಎಚ್ಚರಿಸಿದರು. ಯಾರೂ ಕೇಳಲಿಲ್ಲ.

ದಾರಿಯುದ್ದಕ್ಕೂ ಹಾಸುಬಂಡೆ. ನಂದಿ ಸಾಲಿನ ಈ ಗ್ರಾನೈಟ್ ಸುಮಾರು 250 ಕೋಟಿ ವರ್ಷ ಹಳೆಯದು. ಹಿಮಾಲಯ ಇದರ ಮುಂದೆ ನಿನ್ನೆ ಮೊನ್ನೆಯ ಕೂಸು. ಒಂದು ಕಾಲಕ್ಕೆ ನೆಲದಾಳದಲ್ಲಿ ತಣಿದು ಗಟ್ಟಿಯಾದ ಕಲ್ಲು, ಮೇಲಿನ ಹೊದಿಕೆ ಸವೆದು ಹೋದ ಮೇಲೆ ಹೊರಗೆ ಬಂದು ಪದರ ಪದರವಾಗಿ ಸಿಪ್ಪೆ ಬಿಡುತ್ತಿದೆ. ಅದಕ್ಕೇ ಈ ಬೆಟ್ಟಗಳಿಗೆ ಬೋಳುತಲೆಯಂಥ ಆಕಾರ.

ಈ ಬೋಳುತಲೆಯೇ ಇಲ್ಲಿನ ಜಲಪಾತದ ಗುಟ್ಟು. ಮಲೆನಾಡಿನ ಬೆಟ್ಟಕ್ಕೆ ದಪ್ಪನೆಯ ಮಣ್ಣು, ಶೋಲಾ ಕಾಡು, ಹುಲ್ಲುಗಾವಲಿನ ಹೊದಿಕೆಯಿದೆ. ಮಳೆ ನಿಂತು ತಿಂಗಳಾದರೂ ಒಳಗೆ ಹಿಡಿದಿಟ್ಟ ನೀರನ್ನು ಅದು ಜಿನುಗಿಸುತ್ತಲೇ ಇರುತ್ತದೆ. ಇಲ್ಲಿ ಬಂಡೆಯ ಮೇಲೆ ಬಿದ್ದ ಹನಿಗೆ ನಿಲ್ಲಲು ಜಾಗವಿಲ್ಲ. ಗಂಟೆಯೊಳಗೆ ಕಣಿವೆಗೆ ಧುಮುಕಿ, ದಿನದೊಳಗೆ ಕೆರೆ ಸೇರಿ ಮುಗಿಯಿತು. ಬಂಡೆಯ ಸಂದಿನಲ್ಲಿ, ಕಣಿವೆಯ ಪೊದೆಗಳ ಬುಡದಲ್ಲಿ ಇಂಗಿದಷ್ಟು ನೀರು ಮಾತ್ರ ಮುಂದಿನ ಕೆಲವು ದಿನ ಝರಿಯಾಗಿ ಹರಿಯುತ್ತದೆ. ಕೇತೇನಹಳ್ಳಿಗೆ ಮಳೆಯ ದಿನವೇ ಹೋದರೆ ಅಪಾಯ, ತಿಂಗಳು ಬಿಟ್ಟು ಹೋದರೆ ನಿರಾಸೆ.

ಮೇಕೆ ಮೇಯಿಸುತ್ತಿದ್ದ ಅಜ್ಜಿಯೊಬ್ಬರನ್ನು ಮೇಷ್ಟ್ರು ತೆಲುಗಿನಲ್ಲಿ ಮಾತಾಡಿಸಿದರು. ಆಕೆ ಕನ್ನಡದಲ್ಲಿ ಉತ್ತರಿಸಿದರು. ಈ ಸೀಮೆಯಲ್ಲಿ ಒಂದು ಮಾತು ಒಂದೇ ಭಾಷೆಯಲ್ಲಿ ಮುಗಿಯುವುದು ಅಪರೂಪ.

"ಎಂತ ದೂರಂ ಅವ್ವಾ, ನೀಳ್ಳು ಉನ್ನಾಯಾ?"

"ಐತೆ ಓಗ್ರಪ್ಪ. ನೆಂಟ್ರು ಬಂದಂಗೆ ಬಂದೈತೆ. ನಾಲ್ಕು ದಿನ ಇದ್ದು ಓಯ್ತದೆ."

ಬಳಿಕ ಹುಡುಗಿಯರ ಕಡೆ ತಿರುಗಿ, "ಪಾಚಿ ಮ್ಯಾಲೆ ಕಾಲಿಡ್ಬ್ಯಾಡ್ರವ್ವಾ" ಎಂದರು. ಅಂದು ಕೇಳಿದ ಸಲಹೆಗಳಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ.

ಕಪ್ಪು ಪಟ್ಟೆಯ ದಾರಿ

ದೂರದಿಂದ ಮೊದಲು ಕಾಣುವುದು ನೀರಲ್ಲ, ಬಂಡೆಯ ಮೇಲಿನ ಕಪ್ಪು ಪಟ್ಟೆಗಳು. ಬೇಸಿಗೆಯಲ್ಲಿ ಯಾರೋ ಡಾಂಬರು ಸುರಿದಂತೆ ಕಾಣುವ ಇವು ಜೀವಂತ. ನೀರು ಹರಿಯುವ ಜಾಡಿನಲ್ಲಿ ಮಾತ್ರ ಬೆಳೆಯುವ ಸೂಕ್ಷ್ಮಜೀವಿಗಳ ತೆಳು ಪೊರೆ ಅದು. ಒಣಗಿದಾಗ ಕಪ್ಪಾಗಿ ಅಂಟಿಕೊಂಡು ಕಾಯುತ್ತದೆ, ಮಳೆ ಬಿದ್ದರೆ ಮತ್ತೆ ಚಿಗುರುತ್ತದೆ. ಮಾರ್ಚ್ ತಿಂಗಳಲ್ಲಿ ಬಂದರೂ ಈ ಪಟ್ಟೆಗಳನ್ನು ನೋಡಿ ಜಲಪಾತ ಎಲ್ಲಿ ಬೀಳುತ್ತದೆ, ಎಲ್ಲಿ ಕವಲೊಡೆಯುತ್ತದೆ ಎಂದು ಬೆರಳಿಟ್ಟು ಹೇಳಬಹುದು.

ಬಳಿಕ ಸದ್ದು. ನಂತರ ನೀರು. ಭೋರ್ಗರೆತ ಎಂಬ ಪತ್ರಿಕೆಯವರ ಪದವನ್ನು ಇಲ್ಲಿ ಖರ್ಚು ಮಾಡಬೇಕಿಲ್ಲ. ಬಂಡೆಯಿಂದ ಬಂಡೆಗೆ ಮೆಟ್ಟಿಲಿಳಿದು, ಒಂದೆಡೆ ಹರಡಿ, ಇನ್ನೊಂದೆಡೆ ಕೊರಕಲಿನಲ್ಲಿ ಒಟ್ಟುಗೂಡಿ, ಕೆಳಗಿನ ಮಡುವಿಗೆ ಬೀಳುವ ಬಿಳಿ ನೀರು. ಮೊಬೈಲ್ ಅಂಗಡಿಯ ಹುಡುಗ, "ರೀಲ್ಸ್‌ನಲ್ಲಿ ಇನ್ನೂ ದೊಡ್ಡದಾಗಿತ್ತು" ಎಂದು ಗೊಣಗಿದ. ರೀಲ್ಸ್‌ನಲ್ಲಿ ಎಲ್ಲವೂ ದೊಡ್ಡದೇ.

ಹುಡುಗಿಯರು ಮಡುವಿನ ಅಂಚಿಗೆ ಇಳಿದು ಕೂಗಾಡುತ್ತಿದ್ದರೆ ಮೇಷ್ಟ್ರು ಒದ್ದೆ ಹಾಸುಬಂಡೆಯ ಮೇಲೆ ಮಂಡಿಯೂರಿದ್ದರು. ಮರಳು ಕೂಡಿದ ಅಂಗೈಯಗಲದ ಜಾಗದಲ್ಲಿ ನಾಣ್ಯದಷ್ಟು ದೊಡ್ಡ ಕೆಂಪು ಗಿಡ. ಎಲೆಯ ತುಂಬ ಕೂದಲು, ಪ್ರತಿ ಕೂದಲ ತುದಿಯಲ್ಲೂ ಅಂಟಿನ ಹನಿ. ಒಂದು ಹನಿಗೆ ನುಸಿಯೊಂದು ಸಿಕ್ಕಿ ರೆಕ್ಕೆ ಬಡಿಯುತ್ತಿತ್ತು. ಡ್ರಾಸೆರಾ! ಪಠ್ಯಪುಸ್ತಕದಲ್ಲಿ ಚಿತ್ರವಾಗಿ ಮಾತ್ರ ಕಂಡ ಕೀಟಾಹಾರಿ ಸಸ್ಯ. ಬಂಡೆಯ ಮೇಲಿನ ಮಣ್ಣಿನಲ್ಲಿ ಸಾರಜನಕ ಸಾಲದು. ಆ ಕೊರತೆಯನ್ನು ಗಿಡ ಹುಳ ತಿಂದು ತುಂಬಿಕೊಳ್ಳುತ್ತದೆ. ಬಂಡೆ ಒಣಗಿತೆಂದರೆ ಗಿಡವೂ ಮಾಯ, ಬೀಜ ಮಾತ್ರ ಮುಂದಿನ ಮಳೆಗೆ ಕಾಯುತ್ತದೆ. ರೇಷ್ಮೆ ರೈತರಿಬ್ಬರೂ ಅದನ್ನು ಬಹಳ ಹೊತ್ತು ನೋಡಿದರು. ಒಬ್ಬರು ಕೊನೆಗೆ ಹೇಳಿದ್ದು: "ನಾವು ಹುಳಕ್ಕೆ ಸೊಪ್ಪು ಹಾಕ್ತೀವಿ. ಇಲ್ಲಿ ಸೊಪ್ಪೇ ಹುಳ ತಿಂತೈತಲ್ಲಪ್ಪಾ!"

ಬುಡದ ದೊಣೆಯಲ್ಲಿ ಗೊದಮೊಟ್ಟೆಗಳ ದಂಡು. ಬಂಡೆಯ ಪೊದೆಯಲ್ಲಿ ಹಳದಿ ಕೊರಳಿನ ಪಿಕಳಾರ. ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಈ ಹಕ್ಕಿ ಇಲ್ಲ. ಇದನ್ನು ನೋಡಲೆಂದೇ ಪಕ್ಷಿಪ್ರಿಯರು ದೂರದೂರದಿಂದ ನಂದಿಗೆ ಬರುತ್ತಾರೆ. ನಂದಿಬೆಟ್ಟದ ನೆತ್ತಿಯ ತಂಪು ಕಾಡಿನಲ್ಲಂತೂ ಪಶ್ಚಿಮಘಟ್ಟದ ನೀಲಗಿರಿ ಕಾಡುಪಾರಿವಾಳ ಕೂಡ ಬಳಗದಿಂದ ದೂರವಾಗಿ ನೆಲೆಸಿದೆ. 1,478 ಮೀಟರ್ ಎತ್ತರದ ಆ ತುದಿ ಬಯಲುಸೀಮೆಯ ನಡುವೆ ಒಂದು ತುಣುಕು ಮಲೆನಾಡು.

— ಐದು ಗಿರಿ, ಆರು ನದಿ —

*ನಂದಿಗಿರಿ, ಚನ್ನಗಿರಿ, ಸ್ಕಂದಗಿರಿ, ಬ್ರಹ್ಮಗಿರಿ, ದಿವ್ಯಗಿರಿ. ಇವು ಪಂಚಗಿರಿಗಳು. ಈ ಬೆಟ್ಟಗಳಿಂದಲೂ ಆಸುಪಾಸಿನಿಂದಲೂ ಹೊರಡುವ ನದಿಗಳು:*

*ಅರ್ಕಾವತಿ: ನಂದಿಬೆಟ್ಟದಿಂದ ದಕ್ಷಿಣಕ್ಕೆ, ಹೆಸರಘಟ್ಟ, ತಿಪ್ಪಗೊಂಡನಹಳ್ಳಿ ದಾಟಿ ಕನಕಪುರದಾಚೆಯ ಸಂಗಮದಲ್ಲಿ ಕಾವೇರಿಗೆ.*

*ಉತ್ತರ ಪಿನಾಕಿನಿ: ಗೌರಿಬಿದನೂರಿನ ಮೂಲಕ ಆಂಧ್ರಕ್ಕೆ. ಅಲ್ಲಿ ಪೆನ್ನಾ. ಒಟ್ಟು ಉದ್ದ 597 ಕಿ.ಮೀ. ಪ್ರವಾಸಿಗರು ಬಾಯಿಬಿಟ್ಟು ನೋಡುವ ಗಂಡಿಕೋಟದ ಕೊರಕಲನ್ನು ಕೊರೆದದ್ದು ಈ ನದಿ.*

*ದಕ್ಷಿಣ ಪಿನಾಕಿನಿ: ಹೊಸಕೋಟೆ, ಹೊಸೂರು ದಾಟಿ ತಮಿಳುನಾಡಿಗೆ. ಕಡಲೂರಿನ ಬಳಿ ಸಮುದ್ರ.*

*ಚಿತ್ರಾವತಿ: ಬಾಗೇಪಲ್ಲಿ, ಪುಟ್ಟಪರ್ತಿ ಮೂಲಕ ಸಾಗಿ ಪೆನ್ನಾಗೆ.*

*ಪಾಪಾಗ್ನಿ: ಶಿಡ್ಲಘಟ್ಟ ತಾಲ್ಲೂಕಿನಿಂದ ಕಡಪ ಜಿಲ್ಲೆಗೆ, ಅಲ್ಲಿ ಪೆನ್ನಾಗೆ.*

*ಪಾಲಾರ್: ಚಿಂತಾಮಣಿ ತಾಲ್ಲೂಕಿನ ತಲಗವಾರದಿಂದ ಕೋಲಾರ, ವೆಲ್ಲೂರು ದಾಟಿ ಬಂಗಾಳ ಕೊಲ್ಲಿಗೆ. ಉದ್ದ 348 ಕಿ.ಮೀ.*

ಹುಟ್ಟಿದ ಊರಲ್ಲಿ ನೀರಿಲ್ಲ

ಚಿತ್ರಾನ್ನದ ಡಬ್ಬಿ ತೆರೆಯುವ ಹೊತ್ತಿಗೆ ಮಾತು ನದಿಗಳ ಕಡೆ ಹೊರಳಿತ್ತು. ಆರು ನದಿ ಹುಟ್ಟುವ ಸೀಮೆಯಲ್ಲಿ ಕೊಳವೆಬಾವಿ ಸಾವಿರ ಅಡಿ ದಾಟಿದ್ದು ಹೇಗೆ ಎಂದು ಕಾಲೇಜು ಹುಡುಗಿಯೊಬ್ಬಳು ಕೇಳಿದಳು.

ಉತ್ತರದ ಅರ್ಧ ಭೂಗೋಳದಲ್ಲಿದೆ. ನೀರು ಹುಟ್ಟುವ ಜಾಗ ಎತ್ತರದ ದಿಬ್ಬ, ನೀರು ಸೇರುವ ಜಾಗ ತಗ್ಗು. ದಿಬ್ಬದವರಿಗೆ ಸಿಗುವುದು ಹರಿದು ಹೋಗುವ ನೀರನ್ನು ಅಡ್ಡಗಟ್ಟಿ ನಿಲ್ಲಿಸಿಕೊಂಡಷ್ಟೇ. ಅದನ್ನು ಅರಿತ ಹಿಂದಿನವರು ಹಳ್ಳಕ್ಕೊಂದು ಕೆರೆ, ಕೆರೆಯ ಕೋಡಿಗೆ ಇನ್ನೊಂದು ಕೆರೆ ಎಂದು ಸರಣಿಯಲ್ಲಿ ಕಟ್ಟಿದರು. ಬೆಟ್ಟದ ಮೇಲೂ ಬಿಡಲಿಲ್ಲ. ಗುಡಿಬಂಡೆಯ ಕೋಟೆಯಲ್ಲಿ ಬಂಡೆಯ ನಡುವೆ ಮಳೆನೀರು ಹಿಡಿಯುವ 19 ದೊಣೆಗಳಿವೆ. ನಂದಿಯ ನೆತ್ತಿಯ ಅಮೃತ ಸರೋವರ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಕಲ್ಯಾಣಿ.

ಉಳಿದರ್ಧ ನಾವು ಮಾಡಿಕೊಂಡದ್ದು. ಕೆರೆಗೆ ನೀರು ತರುವ ರಾಜಕಾಲುವೆಗಳು ಹೊಲವಾದವು, ಬಡಾವಣೆಯಾದವು. ಅರಣ್ಯದಂಚಿನ ಗೋಮಾಳಗಳಲ್ಲಿ ನೀಲಗಿರಿ ಬಂತು. ಬೆಟ್ಟಗಳೇ ಜಲ್ಲಿಯಾಗಿ ಲಾರಿ ಹತ್ತಿದವು. 2021ರ ಫೆಬ್ರುವರಿಯಲ್ಲಿ ಹಿರೇನಾಗವಲ್ಲಿ ಬಳಿ ಜಿಲೆಟಿನ್ ಸ್ಫೋಟಿಸಿ ಆರು ಜನ ಸತ್ತಾಗಷ್ಟೇ ಬೆಂಗಳೂರಿಗೆ ಈ ಕಲ್ಲುಗಣಿಗಳ ಸದ್ದು ಕೇಳಿಸಿದ್ದು. ಇಲ್ಲಿಯವರಿಗೆ ಅದು ದಿನದ ಸದ್ದು.

— ಹಳ್ಳಕ್ಕೂ ಮದ್ರಾಸಿನ ಅಪ್ಪಣೆ! —

*1892ರಲ್ಲಿ ಮೈಸೂರು ಸಂಸ್ಥಾನ ಮತ್ತು ಮದ್ರಾಸು ಪ್ರಾಂತ್ಯದ ನಡುವೆ ಆದ ನೀರಾವರಿ ಒಪ್ಪಂದವನ್ನು ನಾವು ಕಾವೇರಿ ಜಗಳದಲ್ಲಿ ಮಾತ್ರ ನೆನೆಯುತ್ತೇವೆ. ಆ ಒಪ್ಪಂದದ ಮುಖ್ಯ ನದಿಗಳ ಪಟ್ಟಿಯಲ್ಲಿ ತುಂಗಭದ್ರಾ, ಕಾವೇರಿಗಳ ಜೊತೆಗೆ ಉತ್ತರ ಮತ್ತು ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ, ಪಾಲಾರ್‌ಗಳೂ ಇವೆ. ಮದ್ರಾಸಿನ ಒಪ್ಪಿಗೆ ಇಲ್ಲದೆ ಮೈಸೂರು ಈ ನದಿಗಳಿಗೆ ಹೊಸ ನೀರಾವರಿ ಜಲಾಶಯ ಕಟ್ಟುವಂತಿರಲಿಲ್ಲ. ವರ್ಷದ ಬಹುಪಾಲು ಮರಳು ಹಾಸಿಕೊಂಡು ಮಲಗುವ ಹಳ್ಳಗಳಿಗೂ ಆ ಕಾಲಕ್ಕೇ ವಕೀಲರಿದ್ದರು.*

ಕೋಡಿಯೇ ಜಲಪಾತ

ಈ ಸೀಮೆಯವರಿಗೆ ನಿಜವಾದ ಜಲಪಾತ ಬೆಟ್ಟದಲ್ಲಿಲ್ಲ, ಕೆರೆ ಕೋಡಿಯಲ್ಲಿದೆ. ಕೆರೆ ತುಂಬಿ ಕೋಡಿ ಹರಿಯಿತೆಂದರೆ ಊರಿಗೆ ಊರೇ ಏರಿಯ ಮೇಲೆ. ಗಂಗಮ್ಮನಿಗೆ ಪೂಜೆ, ಬಾಗಿನ, ಕೆಲವೆಡೆ ತೆಪ್ಪೋತ್ಸವ. ಹುಡುಗರು ಕೋಡಿ ನೀರಿನಲ್ಲಿ ಬಲೆ ಬೀಸುತ್ತಾರೆ. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಮಕ್ಕಳು ಭಾನುವಾರ ಊರಿಗೆ ಬಂದು ಫೋಟೊ ತೆಗೆದು ಹೋಗುತ್ತಾರೆ.

2021 ಅಂಥ ವರ್ಷ. ಹಲವು ವರ್ಷಗಳಿಂದ ಕೋಡಿ ಕಾಣದ ಕೆರೆಗಳು ಆ ನವೆಂಬರಿನಲ್ಲಿ ಉಕ್ಕಿದವು. ಅದಕ್ಕೂ ಮೊದಲೇ ಆ ವರ್ಷದ ಮಳೆ ಇನ್ನೊಂದು ಮುಖವನ್ನೂ ತೋರಿಸಿತ್ತು. ಆಗಸ್ಟ್ 24ರ ರಾತ್ರಿ ಬ್ರಹ್ಮಗಿರಿಯ ಮಣ್ಣು ಬಂಡೆಗಳ ಸಮೇತ ಜಾರಿ ನಂದಿಬೆಟ್ಟದ ರಸ್ತೆಯನ್ನೇ ಕೊಚ್ಚಿಕೊಂಡು ಹೋಯಿತು. ಪ್ರವಾಸಿಗರಿಗೆ ಬೆಟ್ಟ ಮತ್ತೆ ತೆರೆದದ್ದು ಡಿಸೆಂಬರಿನಲ್ಲಿ. ಬೋಳುಬಂಡೆಯ ಮೇಲಿನ ತೆಳು ಮಣ್ಣು ನೀರು ಕುಡಿದು ಭಾರವಾದರೆ ಅದಕ್ಕೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ.

ನೀರು ಬಂದರೆ ಜನ ಬರುತ್ತಾರೆ. ಚಿಕ್ಕಬಳ್ಳಾಪುರದ ಬಳಿಯ ಶ್ರೀನಿವಾಸ ಸಾಗರದ ಅಣೆಕಟ್ಟೆ ತುಂಬಿ, ಗೋಡೆಯ ಮೇಲಿಂದ ಹಾಲಿನಂತೆ ನೀರಿಳಿಯತೊಡಗಿದ್ದೇ ಅದು ದಿಢೀರ್ ಪ್ರವಾಸಿ ತಾಣವಾಯಿತು. 2022ರ ಮೇ ತಿಂಗಳಲ್ಲಿ ಯುವಕನೊಬ್ಬ ಆ ಒದ್ದೆ ಗೋಡೆಯನ್ನು ಕೈಕಾಲಿನಲ್ಲೇ ಹತ್ತಲು ಹೋಗಿ, ಅರ್ಧ ದಾರಿಯಲ್ಲಿ ಜಾರಿ ಬಿದ್ದ. ಕೆಳಗಿದ್ದವರು ತೆಗೆದ ವಿಡಿಯೊ ದೇಶವೆಲ್ಲ ಸುತ್ತಿತು. ಆತ ಬದುಕಿದ, ಮೇಲೆ ಪೊಲೀಸ್ ಮೊಕದ್ದಮೆ. ಅದೇ ವರ್ಷದ ಫೆಬ್ರುವರಿಯಲ್ಲಿ ನಂದಿ ಸಾಲಿನ ಬ್ರಹ್ಮಗಿರಿ ಹತ್ತುವಾಗ ಕಾಲು ಜಾರಿ ಬಂಡೆಯ ನಡುವೆ ಸಿಕ್ಕಿಬಿದ್ದ 19ರ ವಿದ್ಯಾರ್ಥಿಯನ್ನು ಮೇಲೆತ್ತಲು ವಾಯುಪಡೆಯ ಹೆಲಿಕಾಪ್ಟರೇ ಬರಬೇಕಾಯಿತು.

ನನಗನಿಸುವುದು, ಈ ಬೆಟ್ಟಗಳನ್ನು ನಾವು ತೀರಾ ಹಗುರವಾಗಿ ನೋಡುತ್ತೇವೆ. ಹಿಮಾಲಯಕ್ಕೆ ಹೊರಟವರು ಬೂಟು, ಕೋಲು, ಔಷಧಿ ಎಂದು ತಿಂಗಳು ತಯಾರಾಗುತ್ತಾರೆ. ನಂದಿ, ಸ್ಕಂದಗಿರಿ ಎಂದರೆ ಹವಾಯಿ ಚಪ್ಪಲಿಯಲ್ಲೇ ನಡುರಾತ್ರಿ ಬೈಕ್ ಹತ್ತುತ್ತಾರೆ. ಮೋಡದ ಮೇಲೆ ನಿಂತ ಫೋಟೊ ಬೇಕು, ಅಷ್ಟೇ. ಸ್ಕಂದಗಿರಿಗೆ ರಾತ್ರಿ ಚಾರಣ ನಿಷೇಧಿಸಿ, ಟಿಕೆಟನ್ನು ಆನ್‌ಲೈನಿನಲ್ಲೇ ಪಡೆಯುವ ವ್ಯವಸ್ಥೆ ಮಾಡಿದ ಮೇಲೆ ಒಂದಿಷ್ಟು ಶಿಸ್ತು ಬಂದಿದೆ. ಕಣಿವೆಗಳಿಗೆ ಇನ್ನೂ ಆ ಶಿಸ್ತು ಇಳಿದಿಲ್ಲ. ಮಡುವಿನ ಅಂಚಿನಲ್ಲಿ ನಾವು ಹೆಕ್ಕಿದ ಬಾಟಲಿ, ಕುರುಕಲು ಪೊಟ್ಟಣಗಳು ಎರಡು ಗೋಣಿಚೀಲ ತುಂಬಿದವು. ಒಡೆದ ಗಾಜನ್ನು ನರ್ಸ್ ಅಕ್ಕ ಬೇರೆ ಕಟ್ಟಿದರು.

— ಹೋಗುವವರಿಗೆ —

*ಕಾಲ: ಸೆಪ್ಟೆಂಬರ್‌ನಿಂದ ನವೆಂಬರ್ ಮೊದಲ ವಾರದವರೆಗೆ. ದೊಡ್ಡ ಮಳೆ ನಿಂತ ಎರಡು ಮೂರು ದಿನದ ಬಳಿಕ ಹೊರಡಿ. ಬೆಟ್ಟದ ಮೇಲೆ ಮೋಡ ಕಟ್ಟಿದ್ದರೆ ಹಳ್ಳಕ್ಕೆ ಇಳಿಯಬೇಡಿ. ಮಳೆ ಮೇಲೆ ಬಿದ್ದರೂ ನೀರು ಬರುವುದು ನಿಮ್ಮಲ್ಲಿಗೆ.*

*ಅನುಮತಿ: ಅರಣ್ಯದೊಳಗಿನ ದಾರಿಗೆ ಅರಣ್ಯ ಇಲಾಖೆಯನ್ನು ಕೇಳಿಯೇ ಹೋಗಿ. ಸ್ಕಂದಗಿರಿಗೆ ಮುಂಗಡ ಟಿಕೆಟ್ ಬೇಕು.*

*ಕಾಲಿಗೆ: ಹಿಡಿತವಿರುವ ಬೂಟು. ಒದ್ದೆ ಗ್ರಾನೈಟ್‌ನ ಕಪ್ಪು ಪಟ್ಟೆಯೇ ಜಾರುವ ಜಾಗ.*

*ದಾರಿ: ಬೆಂಗಳೂರಿನಿಂದ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಮೂಲಕ ಕೋಲಾರಕ್ಕೆ ರೈಲು ಮಾರ್ಗವಿದೆ. ಮೊದಲು ಪುಟ್ಟ ನ್ಯಾರೋಗೇಜ್ ಬಂಡಿ ಓಡುತ್ತಿದ್ದ ಹಳಿ ಈಗ ಬ್ರಾಡ್‌ಗೇಜ್ ಆಗಿದೆ.*

ಬೆಂಗಳೂರು ಕೊಟ್ಟ ಮರುಸಾಲ

ಹಿಂದಿರುಗುವ ದಾರಿಯಲ್ಲಿ ತುಂಬಿದ ಕೆರೆಯೊಂದರ ಏರಿಯ ಮೇಲೆ ಗಾಡಿ ನಿಲ್ಲಿಸಿದೆವು. "ಇದು ಮಳೆ ನೀರಾ, ವ್ಯಾಲಿ ನೀರಾ?" ಎಂದು ಹುಡುಗಿಯರು ಕೇಳಿದರು. ಈಗ ಜಿಲ್ಲೆಯಲ್ಲಿ ತುಂಬಿದ ಕೆರೆ ಕಂಡರೆ ಎಲ್ಲರೂ ಕೇಳುವ ಪ್ರಶ್ನೆ ಇದು.

ವ್ಯಾಲಿ ಎಂದರೆ ಎಚ್.ಎನ್. ವ್ಯಾಲಿ, ಹೆಬ್ಬಾಳ-ನಾಗವಾರ ಕಣಿವೆ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಸಂಸ್ಕರಿಸಿ, ದಿನಕ್ಕೆ 210 ದಶಲಕ್ಷ ಲೀಟರ್ ಪಂಪ್ ಮಾಡಿ 65 ಕೆರೆ ತುಂಬಿಸುವ ಯೋಜನೆ. ಆ ಕೆರೆಗಳಲ್ಲಿ ಹೆಚ್ಚಿನವು ಚಿಕ್ಕಬಳ್ಳಾಪುರ ಜಿಲ್ಲೆಯವು. ಬತ್ತಿದ ಕೊಳವೆಬಾವಿಗಳಲ್ಲಿ ನೀರು ಮರಳಿತು ಎಂದು ಹಿಗ್ಗುವ ರೈತರಿದ್ದಾರೆ. ಮೂರನೇ ಹಂತದ ಶುದ್ಧೀಕರಣವಿಲ್ಲದೆ ನಮ್ಮ ಅಂತರ್ಜಲಕ್ಕೆ ಇದನ್ನು ಸೇರಿಸಬೇಡಿ ಎಂದು ಬೀದಿಗಿಳಿದವರೂ ಇದ್ದಾರೆ. ಎರಡೂ ಬಣ ಒಂದೇ ಹಳ್ಳಿಯಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿ.

ಇದರ ಹಿಂದೊಂದು ಹಳೆಯ ಲೆಕ್ಕವಿದೆ. 1890ರ ದಶಕದಲ್ಲಿ ಬೆಂಗಳೂರಿಗೆ ಮೊದಲ ಬಾರಿಗೆ ಕೊಳವೆಯಲ್ಲಿ ನೀರು ಹರಿದದ್ದು ಹೆಸರಘಟ್ಟದಿಂದ. ಅದು ಅರ್ಕಾವತಿಯ ನೀರು, ಅಂದರೆ ನಂದಿಬೆಟ್ಟದ ಮಳೆ. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯವಾದಾಗಲೂ ಅದೇ ನದಿ. ಕಾವೇರಿ ಬರುವವರೆಗೆ ನಗರಕ್ಕೆ ಕುಡಿಸಿದ ಬೆಟ್ಟಗಳಿಗೆ ಈಗ ನಗರ ಬಳಸಿದ ನೀರು ವಾಪಸು ಬರುತ್ತಿದೆ. ಸಾಲ ತೀರಿಸುವ ರೀತಿ ಇದೇನಾ ಎಂದು ಮೇಷ್ಟ್ರು ಕೇಳಿದರು. ನೂಲಿನ ಘಟಕದ ಯಜಮಾನರು, "ಬಡ್ಡಿ ಕೂಡ ಸೇರಿಸವ್ರೆ, ವಾಸನೆ ನೋಡಿ" ಎಂದರು.

ಇನ್ನೊಂದು ನೀರು ದೂರದಿಂದ ಬರಬೇಕಿದೆ. ಜಲತಜ್ಞ ಜಿ.ಎಸ್. ಪರಮಶಿವಯ್ಯ ಅವರ ವರದಿಯ ಮಾತು ಈ ಭಾಗದ ನೀರಾವರಿ ಹೋರಾಟದಲ್ಲಿ ದಶಕಗಳ ಕಾಲ ಕೇಳಿಬಂತು. ಕೊನೆಗೆ 2014ರ ಮಾರ್ಚ್‌ನಲ್ಲಿ ಎತ್ತಿನಹೊಳೆ ಯೋಜನೆಗೆ ಚಿಕ್ಕಬಳ್ಳಾಪುರದಲ್ಲೇ ಅಡಿಗಲ್ಲು ಬಿತ್ತು. ಸಕಲೇಶಪುರದ ಕಡೆಯ ಹಳ್ಳಗಳಿಂದ 24 ಟಿಎಂಸಿ ನೀರನ್ನು ಎತ್ತಿ ಬಯಲುಸೀಮೆಗೆ ತರುವ ಯೋಜನೆ ಅದು. ಹತ್ತು ವರ್ಷದ ಬಳಿಕ, 2024ರ ಸೆಪ್ಟೆಂಬರ್ 6ರಂದು, ಮೊದಲ ಹಂತದ ಪಂಪುಗಳು ಚಾಲೂ ಆದವು. ಆರು ನದಿಗಳ ತವರಿಗೆ ಪಶ್ಚಿಮಘಟ್ಟ ಇಳಿದು ಅರಬ್ಬಿ ಸಮುದ್ರ ಸೇರುತ್ತಿದ್ದ ಹಳ್ಳಗಳ ನೀರನ್ನು ತಿರುಗಿಸಿ ತರುವ ಈ ಸಾಹಸದ ಬಗ್ಗೆ ಪರ-ವಿರೋಧ ಏನೇ ಇರಲಿ, ಜಲಪಾತದ ಬಳಿ ಊಟ ಮುಗಿಸಿ ಏಳುವಾಗ ನಮ್ಮೆದುರೇ ಆ ವಾರದ ಮಳೆ ತಡೆಯುವವರಿಲ್ಲದೆ ಹರಿದು ಹೋಗುತ್ತಿತ್ತು.

ಮನೆಯಂಗಳದ ನದಿ

ಮುಂದಿನ ಬಾರಿ ಬೇರೆ ತಾಲ್ಲೂಕು ಬೇಡ, ನಮ್ಮದರಲ್ಲೇ ಹೋಗೋಣ ಎಂದು ರೈತರಲ್ಲಿ ಹಿರಿಯರು ಪಟ್ಟು ಹಿಡಿದರು. ಅವರು ದಿಬ್ಬೂರಹಳ್ಳಿ ಕಡೆಯವರು. ಅಲ್ಲಿಂದ ಮುಂದೆ ತಲಕಾಯಲಬೆಟ್ಟ. ಶಿಡ್ಲಘಟ್ಟದಲ್ಲಿ ಹುಟ್ಟಿ ಬೆಳೆದವರಲ್ಲೂ ಆ ಬೆಟ್ಟದ ವೆಂಕಟರಮಣಸ್ವಾಮಿಯ ರಥೋತ್ಸವಕ್ಕೆ ಹೋಗಿ ಬಂದವರೇ ಹೆಚ್ಚು. ಬೆಟ್ಟದ ಹಿಂದಿನ ಕಣಿವೆಯನ್ನು ನಡೆದು ನೋಡಿದವರು ಕಡಿಮೆ. ಗುಂಡುಗಳ ಮೇಲೆ ಗುಂಡು ಪೇರಿಸಿದ ಆ ಬೆಟ್ಟಸಾಲಿನ ಮಗ್ಗುಲಲ್ಲಿ ಪಾಪಾಗ್ನಿಯ ಮೊದಲ ನೀರು ಕೂಡಿಕೊಳ್ಳುತ್ತದೆ. ಮಳೆಗಾಲದ ಆಚೆ ಅದನ್ನು ನದಿ ಎಂದು ತೋರಿಸಿದರೆ ಮಕ್ಕಳು ನಗುತ್ತವೆ. ಬಗ್ಗಿ ಬಟ್ಟೆ ಒಗೆಯುವಷ್ಟೂ ನೀರಿರುವುದಿಲ್ಲ.

ಅದೇ ಹಳ್ಳ ಆಂಧ್ರದ ಗಡಿ ದಾಟಿ ಬೆಳೆಯುತ್ತದೆ. ವೆಲಿಗಲ್ಲಿನಲ್ಲಿ ಅದಕ್ಕೊಂದು ಜಲಾಶಯ. ಮುಂದೆ ಪಾಲಕೊಂಡ ಬೆಟ್ಟಗಳನ್ನು ಸೀಳಿ ಹೊರಡುವ ಗಂಡಿಯಲ್ಲಿ ಹೆಸರುವಾಸಿ ಆಂಜನೇಯ ಕ್ಷೇತ್ರ. ಕಡೆಗೆ ಕಮಲಾಪುರದ ಬಳಿ ಪೆನ್ನಾ ಸೇರುತ್ತದೆ. ಮೇಷ್ಟ್ರು ಫೋನಿನ ನಕ್ಷೆಯಲ್ಲಿ ಬೆರಳಿಟ್ಟು ಈ ದಾರಿಯನ್ನು ತೋರಿಸಿದರು. 2021ರ ನವೆಂಬರಿನಲ್ಲಿ ನಮ್ಮ ಕೆರೆಗಳು ಕೋಡಿ ಬಿದ್ದ ಆ ದಿನಗಳಲ್ಲೇ ಕಮಲಾಪುರದ ಹತ್ತಿರ ಪಾಪಾಗ್ನಿಯ ಮೇಲಿನ ಹೆದ್ದಾರಿ ಸೇತುವೆ ನೆರೆಗೆ ಕುಸಿದು ಬಿದ್ದದ್ದನ್ನೂ ಹೇಳಿದರು.

ದಿಬ್ಬೂರಹಳ್ಳಿ ಕಡೆಯವರು ನಕ್ಷೆಯನ್ನು ಕಸಿದುಕೊಂಡು ನೋಡಿದರು. ಬೆರಳಿನಿಂದ ದೊಡ್ಡದು ಮಾಡಿ, ಚಿಕ್ಕದು ಮಾಡಿ, ತಮ್ಮ ಹೊಲ ಎಲ್ಲಿ ಬರುತ್ತದೆ ಎಂದು ಹುಡುಕಿದರು. ಆಮೇಲೆ ಫೋನು ವಾಪಸು ಕೊಟ್ಟು ಹೇಳಿದರು:

"ನಮ್ ಹೊಲದ ಬದು ಕಟ್ಟಿದ್ರೆ ನಿಲ್ಲೋ ಹಳ್ಳ ಸಾರ್ ಅದು. ಕಡಪಕ್ಕೋಗಿ ಸೇತುವೆ ಬೀಳಿಸ್ತಾ? ಊರಲ್ಲಿ ಹೇಳಿದ್ರೆ ಯಾರೂ ನಂಬಲ್ಲ, ನೀವೇ ಬಂದು ಹೇಳ್ಬೇಕು."